ಹುಳುವಿನ ಮುಪ್ಪು, ನಮ್ಮ ಇನ್ಸುಲಿನ್

ಸಿ. ಎಲಿಗಾನ್ಸ್ ಎಂಬ ದುಂಡುಹುಳು ಮೊಟ್ಟೆಯೊಡೆದು ಬಂದ ಮೂರ್ನಾಲ್ಕು ದಿನಕ್ಕೆ ಪ್ರಾಯಕ್ಕೆ ಬರುತ್ತದೆ. ಎರಡು ವಾರಕ್ಕೆ ಮುದಿಯಾಗುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. ಉದ್ದ ಒಂದು ಮಿಲಿಮೀಟರ್, ಮೈಯೆಲ್ಲ ಪಾರದರ್ಶಕ. ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಗಂಟಲು ಬ್ಯಾಕ್ಟೀರಿಯಾಗಳನ್ನು ಅರೆದು ಒಳಗೆ ತಳ್ಳುವುದು, ಒಡಲಲ್ಲಿ ಮೊಟ್ಟೆಗಳು ಸಾಲಾಗಿ ಕೂತಿರುವುದು ಎಲ್ಲವೂ ಕಾಣುತ್ತದೆ. ಸಂತಾನಕೋಶಗಳನ್ನು ಬಿಟ್ಟರೆ ವಯಸ್ಕ ಹುಳುವಿನ ಮೈಯಲ್ಲಿ ಸರಿಯಾಗಿ 959 ಜೀವಕೋಶಗಳಿರುತ್ತವೆ, ಅವುಗಳಲ್ಲಿ 302 ನರಕೋಶಗಳು. 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಈ ಹುಳುವನ್ನು ಸಂಶೋಧನೆಗೆ ಆರಿಸಿಕೊಂಡಿದ್ದು ಈ ಸರಳತೆಗಾಗಿ. ಮುಪ್ಪಿನ ಬಗ್ಗೆ ಮನುಷ್ಯ ಕಲಿತ ಅತಿ ದೊಡ್ಡ ಪಾಠವೂ ಇದರಿಂದಲೇ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಹುಳುವಿನ ಆಯಸ್ಸು ಅಳೆಯುವುದು ತಾಳ್ಮೆಯ ಕೆಲಸ. ಒಂದೊಂದು ಹುಳುವೂ ಸುಮಾರು ಮುನ್ನೂರು ಮೊಟ್ಟೆ ಇಡುವುದರಿಂದ, ಮರಿಗಳ ಗುಂಪಿನಲ್ಲಿ ತಾಯಿ ಕಳೆದುಹೋಗದಂತೆ ಅದನ್ನು ಪ್ಲಾಟಿನಂ ತಂತಿಯ ತುದಿಯಿಂದ ಮೇಲೆತ್ತಿ ಮತ್ತೆ ಮತ್ತೆ ಹೊಸ ತಟ್ಟೆಗೆ ಬಿಡಬೇಕು. ಪ್ರಾಯದ ಹುಳು ಅಲೆಯಲೆಯಾಗಿ ಬಳುಕುತ್ತ ಅಗರ್ ಮೇಲೆ ತನ್ನ ಜಾಡು ಬಿಡುತ್ತದೆ. ಎರಡು ವಾರದ ಹುಳು ಇದ್ದಲ್ಲೇ ಬಿದ್ದಿರುತ್ತದೆ. ಅದರ ಸ್ನಾಯುಗಳು ಸಡಿಲಗೊಂಡು ಅಂಗಾಂಶಗಳ ಅಂಚು ಮಸುಕಾಗಿರುತ್ತದೆ, ಗಂಟಲು ನಿಧಾನವಾಗಿ ಬಡಿಯುತ್ತಿರುತ್ತದೆ. ತಂತಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯನ್ನಷ್ಟೇ ಅಲ್ಲಾಡಿಸುತ್ತದೆ. ಎಷ್ಟು ಮುಟ್ಟಿದರೂ ಅಲ್ಲಾಡದಿದ್ದರೆ ಸತ್ತಿದೆ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ನಡೆಯುವುದೆಲ್ಲ ಇಲ್ಲಿ ಒಂದು ತಿಂಗಳೊಳಗೆ ಕಣ್ಣೆದುರೇ ನಡೆದುಹೋಗುತ್ತದೆ.

ಮುಪ್ಪೆಂದರೆ ಬರೀ ಸವೆತ, ಅದನ್ನು ಯಾವ ವಂಶವಾಹಿಯೂ ನಡೆಸುವುದಿಲ್ಲ ಎಂದು ಬಹುತೇಕ ಜೀವವಿಜ್ಞಾನಿಗಳು ಬಹುಕಾಲ ನಂಬಿದ್ದರು. ಮೈಕೆಲ್ ಕ್ಲಾಸ್ 1983ರಲ್ಲಿ ಹೆಚ್ಚು ದಿನ ಬದುಕುವ ಕೆಲವು ರೂಪಾಂತರಿ ಹುಳುಗಳನ್ನು ಕಂಡಾಗ, ಅವು ಕಡಿಮೆ ತಿನ್ನುತ್ತಿರುವುದೇ ಇದಕ್ಕೆ ಕಾರಣವಿರಬೇಕೆಂದು ಬದಿಗಿಟ್ಟರು. 1988ರಲ್ಲಿ ಡೇವಿಡ್ ಫ್ರೀಡ್‌ಮನ್ ಮತ್ತು ಥಾಮಸ್ ಜಾನ್ಸನ್ ಅದೇ ಹುಳುಗಳಲ್ಲಿ ಒಂದೇ ಒಂದು ವಂಶವಾಹಿ ಕೆಟ್ಟಿರುವುದನ್ನು ತೋರಿಸಿ, ಅದಕ್ಕೆ ಏಜ್-1 ಎಂದು ಹೆಸರಿಟ್ಟರು. ಆದರೆ ಎಲ್ಲರೂ ತಿರುಗಿ ನೋಡುವಂತಾದದ್ದು 1993ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ, ಡಾಫ್-2 ಎಂಬ ವಂಶವಾಹಿ ದುರ್ಬಲವಾದ ಹುಳುಗಳು ಎರಡು ಪಟ್ಟಿಗೂ ಹೆಚ್ಚು ಕಾಲ ಬದುಕುತ್ತವೆ ಎಂದು ಪ್ರಕಟಿಸಿತು. ಹಾಸಿಗೆ ಹಿಡಿದ ಮುದುಕರಂತೆ ನರಳುತ್ತ ಕಳೆದ ದಿನಗಳಲ್ಲ ಅವು. ಸಾಮಾನ್ಯ ಹುಳುಗಳು ಬಿದ್ದುಕೊಂಡಿರುವ ವಯಸ್ಸಿನಲ್ಲಿ ಈ ಹುಳುಗಳು ತಟ್ಟೆಯ ತುಂಬ ಓಡಾಡುತ್ತಿದ್ದವು. ನನ್ನ ಮಟ್ಟಿಗೆ, ಆಯಸ್ಸು ಹೆಚ್ಚಿದ್ದಕ್ಕಿಂತ ಪ್ರಾಯ ಹಿಗ್ಗಿದ್ದೇ ಈ ಸಂಶೋಧನೆಯ ಜೀವಾಳ.

ಡಾಫ್-2 ಬೇರೊಂದು ಕೆಲಸಕ್ಕಾಗಿ ಮೊದಲೇ ಪರಿಚಿತವಾಗಿತ್ತು. ತಿನ್ನಲು ಸಾಲದಾದಾಗ, ಸುತ್ತ ಹುಳುಗಳ ದಟ್ಟಣೆ ಹೆಚ್ಚಿದಾಗ, ಸಿ. ಎಲಿಗಾನ್ಸ್ ಮರಿ ಬೆಳೆಯುವುದನ್ನೇ ನಿಲ್ಲಿಸಿ ಡಾವರ್ ಎಂಬ ಸ್ಥಿತಿಗೆ ಇಳಿಯುತ್ತದೆ. ಬಾಯಿ ಮುಚ್ಚಿಹೋಗುತ್ತದೆ, ಚರ್ಮ ದಪ್ಪವಾಗುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಒಂದಿಷ್ಟೇ ಒಂದಿಷ್ಟೇ ಕರಗಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ಆಹಾರ ಸಿಕ್ಕಿತೋ, ಬಾಯಿ ತೆರೆದು ಪ್ರಾಯಕ್ಕೆ ಬಂದು ಎಂದಿನಂತೆ ಮೊಟ್ಟೆಯಿಟ್ಟು ಎಂದಿನಷ್ಟೇ ದಿನ ಬದುಕುತ್ತದೆ. ಕಾದ ತಿಂಗಳುಗಳು ಅದರ ವಯಸ್ಸಿಗೆ ಸೇರುವುದೇ ಇಲ್ಲ. ಮರಿ ಡಾವರ್ ಆಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ವಂಶವಾಹಿಗಳಲ್ಲಿ ಡಾಫ್-2 ಒಂದು. ಕೆನ್ಯನ್ ಅವರ ಹುಳುಗಳು ಡಾವರ್ ಆಗದೆ ಬೆಳೆದು ಪ್ರಾಯಕ್ಕೆ ಬಂದಿದ್ದವು. ಆದರೆ ಡಾವರ್ ಮರಿಗಿರುವ ತಾಳಿಕೆಯ ಒಂದು ಪಾಲು ಅವುಗಳಲ್ಲಿ ಉಳಿದುಕೊಂಡಿತ್ತು.

ಡಾಫ್-2 ಯಾವ ಪ್ರೋಟೀನನ್ನು ತಯಾರಿಸುತ್ತದೆ? 1997ರಲ್ಲಿ ಬಾಸ್ಟನ್‌ನ ಗ್ಯಾರಿ ರವ್‌ಕುನ್ ತಂಡ ಉತ್ತರ ಕೊಟ್ಟಿತು. ಅದು ನಮ್ಮ ಮೈಯಲ್ಲೂ ಇರುವ ಇನ್ಸುಲಿನ್ ಗ್ರಾಹಕದ ಸೋದರ. ಮುಪ್ಪಿನ ವಂಶವಾಹಿಯನ್ನು ಹುಡುಕುತ್ತ ಹೋದವರು ಬಂದು ಮುಟ್ಟಿದ್ದು ಸಕ್ಕರೆ ಕಾಯಿಲೆಯ ಅಂಗಳಕ್ಕೆ!

ಕೆಲಸ ನಡೆಯುವುದು ಹೀಗೆ. ಊಟ ಹೊಟ್ಟೆಗೆ ಬಿದ್ದಾಗ ಇನ್ಸುಲಿನ್ ಅಥವಾ ಅದರ ಬಳಗದ ಹಾರ್ಮೋನು ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಒಂದರ ನಂತರ ಒಂದರಂತೆ ಕೆಲವು ಕಿಣ್ವಗಳು ಎಚ್ಚರಗೊಳ್ಳುತ್ತವೆ. ಏಜ್-1 ತಯಾರಿಸುವ ಕಿಣ್ವವೂ ಅವುಗಳಲ್ಲೊಂದು. ಸರಣಿಯ ಕೊನೆಯ ಕಿಣ್ವ ಫಾಕ್ಸ್‌ಓ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಅಂಟಿದ ಫಾಕ್ಸ್‌ಓ ಕೋಶಕೇಂದ್ರದೊಳಗೆ ಹೋಗಲಾರದು, ಹೊರಗೇ ಉಳಿಯುತ್ತದೆ. ಹುಳುವಿನಲ್ಲಿ ಇದರ ವಂಶವಾಹಿಯ ಹೆಸರು ಡಾಫ್-16. ಇನ್ಸುಲಿನ್ ಸಂದೇಶ ತಗ್ಗಿದಾಗ ಫಾಕ್ಸ್‌ಓ ಕೋಶಕೇಂದ್ರವನ್ನು ಹೊಕ್ಕು ನೂರಾರು ವಂಶವಾಹಿಗಳ ಕೆಲಸವನ್ನು ಬದಲಿಸುತ್ತದೆ. ಆಗ ಆಕ್ಸಿಜನ್ನಿನ ಹಾನಿಕಾರಕ ರೂಪಗಳನ್ನು ತಟಸ್ಥಗೊಳಿಸುವ ಕಿಣ್ವಗಳು, ಮುದುಡಿಹೋದ ಪ್ರೋಟೀನುಗಳನ್ನು ಸರಿಪಡಿಸುವ ಪ್ರೋಟೀನುಗಳು, ಸೋಂಕು ತಡೆಯುವ ಅಣುಗಳು ಹೆಚ್ಚು ಹೆಚ್ಚು ತಯಾರಾಗುತ್ತವೆ. ಕೋಶದ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಕೆಲಸವೂ ಚುರುಕಾಗುತ್ತದೆ. ಮಳೆ ಬೆಳೆ ಚೆನ್ನಾಗಿರುವ ವರ್ಷ ಹೊಸ ಕೋಣೆ ಕಟ್ಟಿಸುವ ರೈತ, ಬರದ ವರ್ಷ ಅದನ್ನು ಬಿಟ್ಟು ಇದ್ದ ಮನೆಯ ಹೆಂಚು ಸರಿಮಾಡಿಕೊಳ್ಳುವ ಹಾಗೆ, ಜೀವಕೋಶವೂ ಬೆಳವಣಿಗೆ ನಿಲ್ಲಿಸಿ ದುರಸ್ತಿಗೆ ತೊಡಗುತ್ತದೆ. ಡಾಫ್-2 ಕೆಟ್ಟಿರುವ ಹುಳುವಿನಲ್ಲಿ ಡಾಫ್-16ನ್ನೂ ಕೆಡಿಸಿದರೆ, ಹೆಚ್ಚಿದ ಆಯಸ್ಸೆಲ್ಲ ಹೋಗಿಬಿಡುತ್ತದೆ. ಎಲ್ಲ ನಿಂತಿರುವುದು ಆ ದುರಸ್ತಿಯ ಮೇಲೆಯೇ.

2002ರಲ್ಲಿ ಕೆನ್ಯನ್ ಅವರ ಪ್ರಯೋಗಾಲಯದಿಂದ ಇನ್ನೊಂದು ಫಲಿತಾಂಶ ಬಂತು. ಡಾಫ್-2ನ್ನು ಮರಿಯಾಗಿದ್ದಾಗ ಮಾತ್ರ ತಗ್ಗಿಸಿದರೆ ಆಯಸ್ಸು ಹೆಚ್ಚುವುದಿಲ್ಲ, ಪ್ರಾಯಕ್ಕೆ ಬಂದ ಮೇಲೆ ತಗ್ಗಿಸಿದರೂ ಹೆಚ್ಚುತ್ತದೆ. 2009ರಲ್ಲಿ ಕೆನ್ಯನ್ ಬಳಗ ಹುಳುಗಳ ಆಹಾರಕ್ಕೆ ತುಸು ಗ್ಲೂಕೋಸ್ ಬೆರೆಸಿ ನೋಡಿತು. ಫಾಕ್ಸ್‌ಓ ಚಟುವಟಿಕೆ ಕುಗ್ಗಿ ಆಯಸ್ಸು ಮೊಟಕಾಯಿತು.

ಆಹಾರವನ್ನು ಅಳೆಯುವ ವ್ಯವಸ್ಥೆ ಇದೊಂದೇ ಅಲ್ಲ. ಪ್ರೋಟೀನಿನ ಮೂಲವಾದ ಅಮೈನೋ ಆಮ್ಲಗಳು ಸಾಕಷ್ಟಿವೆಯೇ ಎಂದು ನೋಡಿಕೊಂಡು ಬೆಳವಣಿಗೆಗೆ ಅನುಮತಿ ಕೊಡುವ ಟಾರ್ ಎಂಬ ಕಿಣ್ವವಿದೆ. ಅದನ್ನು ತಡೆಯುವ ರಾಪಮೈಸಿನ್ ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಕೆನಡಾದ ಔಷಧ ಕಂಪನಿಯೊಂದರಲ್ಲಿ ಅದನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತ ಮೂಲದ ಸುರೇನ್ ಸೆಹಗಲ್. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು 600 ದಿನ ದಾಟಿದ, ಅಂದರೆ ಅರವತ್ತರ ಆಸುಪಾಸಿನ ಮನುಷ್ಯರಿಗೆ ಸಮನಾದ ಇಲಿಗಳಿಗೆ ಈ ಔಷಧ ಕೊಟ್ಟವು. ನೂರಕ್ಕೆ ತೊಂಬತ್ತು ಇಲಿಗಳು ಸಾಯುವ ವಯಸ್ಸು ಹೆಣ್ಣುಗಳಲ್ಲಿ ಶೇ 14ರಷ್ಟು, ಗಂಡುಗಳಲ್ಲಿ ಶೇ 9ರಷ್ಟು ಮುಂದಕ್ಕೆ ಹೋಯಿತು. ಮುಪ್ಪು ಆವರಿಸಿದ ಮೇಲೂ ಅದನ್ನು ನಿಧಾನಗೊಳಿಸಬಹುದು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಆದರೆ ಇದೇ ಔಷಧವನ್ನು ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುತ್ತಾರೆ. ಆರೋಗ್ಯವಂತರು ಮುಪ್ಪಿಗೆ ಮದ್ದೆಂದು ಇದನ್ನು ತಾವಾಗಿ ನುಂಗುವುದು ತಪ್ಪು.

ಇಷ್ಟು ಲಾಭವಿದ್ದರೆ ಪ್ರಕೃತಿ ಎಲ್ಲ ಹುಳುಗಳನ್ನೂ ದೀರ್ಘಾಯುಗಳನ್ನಾಗಿ ಏಕೆ ಮಾಡಲಿಲ್ಲ? 2000ದಲ್ಲಿ ಗೋರ್ಡನ್ ಲಿತ್‌ಗೋ ಮತ್ತು ಸಂಗಡಿಗರು ಏಜ್-1 ರೂಪಾಂತರಿಗಳನ್ನೂ ಸಾಮಾನ್ಯ ಹುಳುಗಳನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ಸಾಕಿದರು. ಆಹಾರ ಹೇರಳವಾಗಿದ್ದಾಗ ಎರಡೂ ಸರಿಸಮ. ಒಮ್ಮೆ ಹೊಟ್ಟೆತುಂಬ ತಿನ್ನಿಸಿ ಒಮ್ಮೆ ಉಪವಾಸ ಕೆಡವುತ್ತ ಹೋದಾಗ ದೀರ್ಘಾಯುಗಳು ಸಂತಾನದಲ್ಲಿ ಹಿಂದೆ ಬಿದ್ದು ಕಡಿಮೆಯಾಗುತ್ತ ಹೋದವು. ಮಣ್ಣಿನಲ್ಲಿ ಹುಳು ಎದುರಿಸುವುದು ಇಂಥ ದಿನಗಳನ್ನೇ. ಸಿಕ್ಕಾಗ ತಿಂದು ಬೇಗ ಮೊಟ್ಟೆಯಿಟ್ಟ ಹುಳುವಿನ ವಂಶವೇ ಉಳಿಯಿತು.

ಮುಂದೆ ನೊಣದಲ್ಲೂ ಇಲಿಯಲ್ಲೂ ಇದೇ ಇನ್ಸುಲಿನ್ ಸರಣಿಯನ್ನು ತಗ್ಗಿಸಿದಾಗ ಆಯಸ್ಸು ಹೆಚ್ಚಿತು. ಮನುಷ್ಯರಲ್ಲಿ, ಹವಾಯಿಯ ಜಪಾನಿ ಮೂಲದ ಗಂಡಸರನ್ನು ಅಭ್ಯಸಿಸಿದ 2008ರ ವರದಿ ಫಾಕ್ಸ್‌ಓ-3 ವಂಶವಾಹಿಯ ಒಂದು ರೂಪಕ್ಕೂ ದೀರ್ಘಾಯುಷ್ಯಕ್ಕೂ ನಂಟಿದೆ ಎಂದಿತು. ಈಕ್ವೆಡಾರ್‌ನಲ್ಲಿ ಬೆಳವಣಿಗೆ ಹಾರ್ಮೋನಿನ ಗ್ರಾಹಕವೇ ಕೆಲಸ ಮಾಡದ ಕುಳ್ಳಗಿನ ಜನರಿದ್ದಾರೆ. ಅವರಲ್ಲಿ ಕ್ಯಾನ್ಸರ್ ಮತ್ತು ಸಕ್ಕರೆ ಕಾಯಿಲೆ ಬಲು ಅಪರೂಪ. ಆದರೂ ಅವರ ಆಯಸ್ಸು ಬಂಧುಗಳಿಗಿಂತ ಹೆಚ್ಚಿರುವುದು ಕಂಡುಬಂದಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ಸುಲಿನ್ ಸಂದೇಶ ತಗ್ಗಿದರೆ ಆಯಸ್ಸು ಹೆಚ್ಚುತ್ತದೆ ಎಂಬ ಮಾತನ್ನಷ್ಟೇ ಅವರು ಹಿಡಿದುಕೊಂಡರೆ ಅನಾಹುತವಾದೀತು. ಹುಳುವಿನಲ್ಲಿ ಇನ್ಸುಲಿನ್ ಬಳಗದ ಸುಮಾರು ನಲವತ್ತು ಹಾರ್ಮೋನುಗಳಿಗೆ ಗ್ರಾಹಕ ಒಂದೇ. ನಮ್ಮಲ್ಲಿ ಸಕ್ಕರೆಯನ್ನು ನಿಭಾಯಿಸುವ ಇನ್ಸುಲಿನ್‌ಗೆ ಬೇರೆ ಗ್ರಾಹಕ, ಮೈ ಬೆಳೆಸುವ ಅದರ ಸೋದರ ಹಾರ್ಮೋನಿಗೆ ಬೇರೆ ಗ್ರಾಹಕ. ಇನ್ಸುಲಿನ್ ಗ್ರಾಹಕವೇ ಇಲ್ಲದೆ ಹುಟ್ಟಿದ ಇಲಿಮರಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಡಾಫ್-2 ಪೂರ್ತಿ ಕೆಟ್ಟ ಹುಳುವೂ ಬೆಳೆದು ದೊಡ್ಡದಾಗುವುದಿಲ್ಲ. ಆಯಸ್ಸು ಹೆಚ್ಚಿದ್ದು ಸಂದೇಶ ತುಸುವೇ ತಗ್ಗಿದ ಪ್ರಾಣಿಗಳಲ್ಲಿ ಮಾತ್ರ. ಆದ್ದರಿಂದ ವೈದ್ಯರು ಇನ್ಸುಲಿನ್ ಬರೆದುಕೊಟ್ಟಿದ್ದರೆ ಅದನ್ನು ತಪ್ಪದೆ ತೆಗೆದುಕೊಳ್ಳಿ. ಉಪವಾಸ ಮಾಡುವ ಮನಸ್ಸಿದ್ದರೆ, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಅವರನ್ನು ಕೇಳಿಯೇ ಶುರುಮಾಡಿ.