ನೂರು ರೂಪಾಯಿ ಕಾಗದ, ಸಾವಿರ ರೂಪಾಯಿ ಭಯ!

ಬೆಳಗಿನ ಬಸ್ಸಿಗೆ ಕಾಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯೇ ಇರಲಿ, ಕಿರಾಣಿ ಅಂಗಡಿ ಮುಂದೆ ಸರದಂತೆ ತೂಗಾಡುತ್ತವೆ ಪ್ಯಾಕೆಟ್ಟುಗಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಚಕ್ಕುಲಿ. ಕೆಲವದರ ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ರುಚಿಗೆ ಮಾತ್ರ ಕೊರತೆಯಿಲ್ಲ.

'ಯಾರು ಮಾಡಿದ್ದು?' ಎಂದರೆ ಅಂಗಡಿಯವರು, 'ನಮ್ಮ ಓಣಿ ಅಕ್ಕ ಮಾಡ್ತಾಳ್ರಿ' ಅನ್ನುತ್ತಾರೆ. ಅಕ್ಕನನ್ನು ಕೇಳಿದರೆ, 'ಅಯ್ಯೋ, ನಮಗ್ಯಾಕ್ರಿ ಲೈಸೆನ್ಸು? ನಾವೇನು ಫ್ಯಾಕ್ಟರಿ ಹಾಕೀವೇನು?'

ಅಕ್ಕನ ಮಾತು ನ್ಯಾಯವೇ. ಆದರೆ ಕಾನೂನು ಹಾಗೆ ಹೇಳುವುದಿಲ್ಲ ಸ್ವಾಮಿ!

ಕಾನೂನು ಏನನ್ನುತ್ತದೆ?

ಹಿಂದೆ 1954ರ ಕಲಬೆರಕೆ ತಡೆ ಕಾಯ್ದೆ ಇತ್ತು. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದರ ನಿಯಮಾವಳಿಗಳು ಜಾರಿಯಾದದ್ದು 2011ರ ಆಗಸ್ಟ್ 5ರಂದು. ಕಾಯ್ದೆ ದಿಲ್ಲಿಯದು, ಜಾರಿ ಮಾಡುವವರು ನಮ್ಮ ರಾಜ್ಯದ ಅಧಿಕಾರಿಗಳು. ಮನೆಮಂದಿಗೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಮಾರಾಟಕ್ಕೆ ಒಂದು ರೊಟ್ಟಿ ಬಡಿದರೂ ಅದು 'ಆಹಾರ ಉದ್ದಿಮೆ'. ಅಡಿಗೆಮನೆಯೇ ಕಾರ್ಖಾನೆ!

ಆದರೆ ಇಲ್ಲಿ ಬಾಗಿಲು ಎರಡು. ದೊಡ್ಡವರಿಗೆ ಲೈಸೆನ್ಸು, ಸಣ್ಣವರಿಗೆ ಬರೀ ನೋಂದಣಿ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ಹೆದರಿ ಹಿಂದೆ ಸರಿಯುತ್ತಾರೆ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ 100 ಕಿಲೋ ತಯಾರಿಕೆಯ ಒಳಗಿದ್ದರೆ ಸಣ್ಣವರು ಎಂದು 2011ರ ನಿಯಮಾವಳಿ ಗೆರೆ ಹಾಕಿತು. ಲೆಕ್ಕ ಹಾಕಿ ನೋಡಿ, ದಿನಕ್ಕೆ ಸುಮಾರು 3,300 ರೂಪಾಯಿ ವ್ಯಾಪಾರ. ನಮ್ಮ ಓಣಿಯ ಯಾವ ಅಕ್ಕನಿಗೆ ಅಷ್ಟು ವ್ಯಾಪಾರವಿದೆ? ನೋಂದಣಿಗೆ ಆ ನಿಯಮಾವಳಿ ಗೊತ್ತುಮಾಡಿದ ಶುಲ್ಕ ವರ್ಷಕ್ಕೆ ನೂರೇ ರೂಪಾಯಿ. ಒಂದು ಅರ್ಜಿ, ಒಂದು ಫೋಟೋ, ಗುರುತಿನ ಚೀಟಿ. ಮಿತಿ, ಶುಲ್ಕಗಳಿಗೆ ಆಗಾಗ ತಿದ್ದುಪಡಿ ಬರುತ್ತಿರುತ್ತದೆ. ಅರ್ಜಿ ಹಾಕುವ ದಿನ ಕೇಳಿಕೊಂಡರೆ ಸಾಕು.

ದೇವರು ಕೊಟ್ಟರೂ...

ಹಾಗಾದರೆ ಅಡ್ಡಿ ಏನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕಥೆ. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ರೊಟ್ಟಿ ಬಡಿಯುವ ಕೈಗೆ ಕಂಪ್ಯೂಟರು ಬರುವುದಿಲ್ಲ. ನಡುವೆ ನಿಂತವನು 'ಎರಡು ಸಾವಿರ ಕೊಡ್ರಿ, ಎಲ್ಲಾ ನಾ ಮಾಡಿಸ್ತೀನಿ' ಅನ್ನುತ್ತಾನೆ. ಕಾಗದ ನೂರು ರೂಪಾಯಿಯದು, ಭಯ ಸಾವಿರ ರೂಪಾಯಿಯದು!

ಇನ್ನೊಂದು ಭಯ ತೆರಿಗೆಯದು. 2025ರ ಜುಲೈನಲ್ಲಿ ಮೊಬೈಲಿಗೆ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದದ್ದು, ಕೆಲವರು ಸ್ಕ್ಯಾನ್ ಮಾಡುವ ಚೀಟಿಯನ್ನೇ ಕಿತ್ತುಹಾಕಿದ್ದು ಅಂಗಡಿಕಾರರಿಗೆ ಮರೆತಿಲ್ಲ. ಅಂದಿನಿಂದ ಯಾವ ಸರ್ಕಾರಿ ನಂಬರು ಅಂದರೂ ಎದೆ ಝಲ್ಲೆನ್ನುತ್ತದೆ. ಆದರೆ ಇದು ಬೇರೆ, ಅದು ಬೇರೆ. ಆಹಾರ ನೋಂದಣಿ ತೆರಿಗೆ ಕಾಗದವಲ್ಲ.

ಅಧಿಕಾರಿ ಸುಮ್ಮನಿದ್ದರೆ?

ಬಹಳ ಮಂದಿಗೆ ಗೊತ್ತಿಲ್ಲದ ಮಾತೊಂದಿದೆ. ಅರ್ಜಿ ಬಂದ 7 ದಿನದಲ್ಲಿ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸು ಕೊಡಬೇಕು ಎಂದು 2011ರ ನಿಯಮಾವಳಿ ಬರೆಯಿತು. ಅಷ್ಟರಲ್ಲಿ ಏನೂ ಮಾಡದಿದ್ದರೆ, ಅಥವಾ 30 ದಿನವಾದರೂ ತೀರ್ಮಾನ ತಿಳಿಸದಿದ್ದರೆ, ಸಣ್ಣ ತಯಾರಕರು ಕೆಲಸ ಶುರು ಮಾಡಬಹುದು ಎಂದೂ ಬರೆಯಿತು. ಅರ್ಜಿದಾರರ ಮಾತು ಕೇಳದೆ ತಿರಸ್ಕರಿಸುವಂತಿಲ್ಲ. ಅಂದರೆ ಕಚೇರಿಯ ಮೌನ ಬಡವರ ಪಾಲಿಗೆ ಒಪ್ಪಿಗೆಯ ಹಾಗೆ! ಅರ್ಜಿ ಹಾಕಿದ ರಸೀದಿ ಮಾತ್ರ ಜೋಪಾನ.

ನಮ್ಮ ಅಡಿಗೆಮನೆಯೂ ನೆಟ್ಟಗಿರಲಿ

ಎಲ್ಲಾ ತಪ್ಪು ಸರ್ಕಾರದ ಮೇಲೆ ಹಾಕಿ ಕೂತರೆ ಹೇಗೆ? ಕುಡಿಯುವ ನೀರಿನಲ್ಲೇ ಅಡಿಗೆ, ಕತ್ತರಿಸಿದ ಉಗುರು, ತಲೆಗೆ ಬಟ್ಟೆ, ಮುಚ್ಚಿದ ಕಸದ ಡಬ್ಬಿ. ಕೆಮ್ಮು, ಜ್ವರ, ಭೇದಿ ಇದ್ದವರು ಆ ದಿನ ಒಲೆ ಮುಂದೆ ಕೂರಬಾರದು. ನಿಯಮ ಕೇಳುವುದೂ ಹೆಚ್ಚುಕಡಿಮೆ ಇಷ್ಟೇ. ನಮ್ಮ ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು.

ನಮ್ಮ ಸೀಮೆಗೆ ಮುಖ್ಯವಾದದ್ದು ಶೇಂಗಾ. ಹಸಿಹಸಿಯಾಗಿ ಚೀಲ ಕಟ್ಟಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಯಕೃತ್ತಿಗೆ ಕೇಡು. ಹುರಿದರೂ ಪೂರ್ತಿ ಹೋಗುವುದಿಲ್ಲ, ಖಾರ ಬೆರೆಸಿದರೆ ಕಣ್ಣಿಗೆ ಕಾಣುವುದೂ ಇಲ್ಲ. ಕಪ್ಪಾದ, ಮುದುಡಿದ ಕಾಳನ್ನು ಆರಿಸಿ ಎಸೆಯಿರಿ. 'ಅಗ್ಗಕ್ಕೆ ಸಿಕ್ತು' ಎಂದು ಅಂಥ ಶೇಂಗಾ ತಂದು ಚಟ್ನಿ ಕುಟ್ಟುವುದು ಪಾಪದ ಕೆಲಸ.

ಎರಡನೆಯದು ಎಣ್ಣೆ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವುದಕ್ಕೆ 2018ರ ಜುಲೈ 1ರಿಂದ ಮಿತಿ ಬಂದಿದೆ. ಎಣ್ಣೆ ಕಪ್ಪಾಗಿ ನೊರೆ ಬಂದರೆ ಅದರ ಆಯುಷ್ಯ ಮುಗಿಯಿತು. ಮೂರನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಮನೆ ತಿಂಡಿಯ ಹೆಸರೇ 'ಬಣ್ಣವಿಲ್ಲದ್ದು' ಎಂದಿರಬೇಕು.

ಅಂಗಡಿಕಾರರೇ, ಕೇಳಿ

ಕಾಯ್ದೆಯ 27ನೇ ಕಲಂ ಅಂಗಡಿಯವರನ್ನೂ ಬಿಟ್ಟಿಲ್ಲ. ಅವಧಿ ಮುಗಿದ ಮಾಲು ಮಾರಿದರೆ ಮಾರಿದವರೇ ಹೊಣೆ. ಯಾರು ಮಾಡಿದ್ದು, ಯಾರು ಕೊಟ್ಟದ್ದು ಎಂದು ತೋರಿಸಲಾಗದ ಮಾಲಿಗೂ ಅವರೇ ಹೊಣೆ. 'ಓಣಿ ಅಕ್ಕ ಕೊಟ್ಟಳು' ಎಂಬ ಉತ್ತರ ನಡೆಯುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಮಾಡಿದವರ ಹೆಸರು, ವಿಳಾಸ, ಏನೇನು ಹಾಕಿದೆ, ತೂಕ, ಬೆಲೆ, ಮಾಡಿದ ದಿನ, ಎಲ್ಲಿಯತನಕ ತಿನ್ನಬಹುದು, ಸಸ್ಯಾಹಾರದ ಹಸಿರು ಗುರುತು ಮತ್ತು 14 ಅಂಕಿಯ ನೋಂದಣಿ ನಂಬರು ಇರಲಿ. ಅದು ಅಕ್ಕನಿಗೂ ರಕ್ಷೆ, ನಿಮಗೂ ರಕ್ಷೆ.

ರಕ್ಷೆ ಹೇಗೆ? ನಾಳೆ ಜಾತ್ರೆಯಲ್ಲಿ ಯಾರಿಗೋ ವಾಂತಿ ಆಯಿತೆನ್ನಿ. ಹೆಸರಿಲ್ಲದ ಪ್ಯಾಕೆಟ್ಟು ಸಿಕ್ಕರೆ ಓಣಿಯ ಎಲ್ಲಾ ಅಕ್ಕಂದಿರ ಮೇಲೂ ಅನುಮಾನ, ಎಲ್ಲರ ಒಲೆಯೂ ಆರುತ್ತದೆ. ಹೆಸರು, ದಿನಾಂಕ ಇದ್ದರೆ ಮಾತಿಗೆ ಆಧಾರವಿದೆ. ಅಧಿಕಾರಿ ಮಾದರಿ ಒಯ್ದರೆ ಅದರ ಬೆಲೆ ಕೊಡಬೇಕು, ಅದನ್ನು ನಾಲ್ಕು ಭಾಗ ಮಾಡಬೇಕು. ನಾವು ಕೇಳಿದರೆ ಒಂದು ಭಾಗ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಹೋಗಬೇಕು. ವರದಿ ಒಪ್ಪದಿದ್ದರೆ 30 ದಿನದೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಇವೆಲ್ಲ ಕಾಯ್ದೆಯಲ್ಲೇ ಬರೆದಿಟ್ಟ ಹಕ್ಕುಗಳು.

ಕಚೇರಿ ಓಣಿಗೆ ಬರಲಿ

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಹರಪನಹಳ್ಳಿಯವರ ಪಾಡು ಕೇಳಿ! 1997ರಲ್ಲಿ ದಾವಣಗೆರೆಗೆ ಸೇರಿಸಿದರು, ಆಮೇಲೆ ಬಳ್ಳಾರಿಗೆ ತಂದರು, ಈಗ ಹೊಸಪೇಟೆ. ಯಾವ ಕಾಗದಕ್ಕೆ ಯಾವ ಊರಿಗೆ ಹೋಗಬೇಕೆಂದು ತಿಳಿಯುವಷ್ಟರಲ್ಲಿ ಜಿಲ್ಲೆಯೇ ಬದಲಾಗಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತು, ನಿಜ. ಆದರೆ ಒಂದು ದಿನ ರೊಟ್ಟಿ ಬಡಿಯದಿದ್ದರೆ ಆ ದಿನದ ಗಳಿಕೆ ಯಾರು ತುಂಬಿಕೊಡಬೇಕು?

ಐದೂ ತಾಲ್ಲೂಕುಗಳಲ್ಲಿ ಸಂತೆ ದಿನ ಒಂದು ಮೇಜು, ಒಂದು ಕಂಪ್ಯೂಟರು, ಒಬ್ಬ ಗುಮಾಸ್ತ. ಕೊಟ್ಟೂರು ತೇರಿನ ಮುಂಚೆ, ಮೈಲಾರ ಜಾತ್ರೆಯ ಮುಂಚೆ ಒಂದೊಂದು ಶಿಬಿರ. ನೂರು ರೂಪಾಯಿ ತಗೊಂಡು, ಕೈಯಲ್ಲಿ ರಸೀದಿ ಕೊಟ್ಟು, ಶೇಂಗಾ ಆರಿಸುವುದು ಹೇಗೆಂದು ನಾಲ್ಕು ಮಾತು ಹೇಳಿ ಕಳಿಸಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಡ, ಇದ್ದದ್ದನ್ನು ಓಣಿಗೆ ತಲುಪಿಸಿದರೆ ಆಯಿತು.

ದಂಡ ಹಾಕಲು ಮನೆ ಬಾಗಿಲಿಗೆ ಬರಲು ಗೊತ್ತಿರುವವರಿಗೆ ನೋಂದಣಿ ಕೊಡಲು ಬರುವುದೂ ಗೊತ್ತಿರಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸಿಯಾರೇ?