ಮೊಳಕೆಯಲ್ಲಿ ಬೆಳೆಯನ್ನು ಕಾಣಬಹುದೆ?

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಗಾದೆಯನ್ನು ಹೇಳುವುದು ಸುಲಭ. ಅದನ್ನು ಪರೀಕ್ಷೆಗೆ ಒಡ್ಡುವುದು ಕಷ್ಟ. ಮೊಳಕೆಯನ್ನು ನೋಡಿ ಬೆಲೆ ಕಟ್ಟಿದವರು ಯಾರು, ಎಷ್ಟು ಕಟ್ಟಿದರು, ಸುಗ್ಗಿಯಲ್ಲಿ ಕೊನೆಗೆ ಎಷ್ಟು ಕಾಳು ಕೈಸೇರಿತು ಎಂಬ ಲೆಕ್ಕವನ್ನು ಇಟ್ಟವರು ವಿರಳ. ಆದರೆ ಈ ಲೆಕ್ಕವನ್ನು ಅರುವತ್ತು ವರ್ಷಗಳಿಗೂ ಮೀರಿ ಬಿಡದೆ ಬರೆದಿಟ್ಟಿರುವ ಕ್ಷೇತ್ರವೊಂದಿದೆ. ಅದು ಉತ್ತರ ಅಮೆರಿಕದ ಐಸ್ ಹಾಕಿ.

ಮಂಜುಗಡ್ಡೆಯ ಕಣದ ಮೇಲೆ ಉಕ್ಕಿನ ಅಲಗುಗಳ ಪಾದರಕ್ಷೆ ತೊಟ್ಟು, ಬಾಗಿದ ಕೋಲಿನಿಂದ ರಬ್ಬರಿನ ಗಟ್ಟಿ ಬಿಲ್ಲೆಯೊಂದನ್ನು ಅಟ್ಟಿಕೊಂಡು ಹೋಗುವ ಆಟ ಅದು. ನ್ಯಾಷನಲ್ ಹಾಕಿ ಲೀಗ್ ಎಂಬ ವೃತ್ತಿಪರ ಸಂಘಟನೆಯ ತಂಡಗಳು ಪ್ರತಿವರ್ಷ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ತಮ್ಮ ತಮ್ಮ ಪಾಲಿಗೆ ಆರಿಸಿಕೊಳ್ಳುತ್ತವೆ. ಈ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. 1963ರ ಜೂನ್ ತಿಂಗಳಿನಲ್ಲಿ ಮಾಂಟ್ರಿಯಲ್ ನಗರದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆದಾಗ ಇದ್ದ ತಂಡಗಳು ಆರು, ಆಯ್ಕೆಯಾದ ಹುಡುಗರು 21. ಈಗ 32 ತಂಡಗಳು ಏಳು ಸುತ್ತುಗಳಲ್ಲಿ 224 ಮಂದಿಯನ್ನು ಆರಿಸುತ್ತವೆ. ಹಿಂದಿನ ಋತುವಿನಲ್ಲಿ ಸೋತು ಕೆಳಗಿಳಿದ ತಂಡಕ್ಕೆ ಮೇಲಿನ ಸರದಿ ಎಂಬುದು ಮೂಲನಿಯಮ. ಮೊದಲ ಸರದಿಯ ಆಸೆಯಿಂದ ತಂಡಗಳು ಬೇಕೆಂದೇ ಸೋಲಬಾರದೆಂದು 1995ರಿಂದ ಅಲ್ಲಿ ಲಾಟರಿಯನ್ನೂ ಸೇರಿಸಿದ್ದಾರೆ.

ಹೀಗೆ ಪಾಲಿಗೆ ಬಂದ ಹುಡುಗರನ್ನು ತೂಗಿ ನೋಡುವುದು ಹೇಗೆ? ಒಂದು ತಂಡದ ಒಂದು ವರ್ಷದ ಆಯ್ಕೆಯನ್ನೇ ನಾವು ಪರಿಶೀಲಿಸೋಣ. ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವು 1989ರಲ್ಲಿ ಮೊದಲ ಸುತ್ತಿನಲ್ಲಿ, ಒಟ್ಟು ಸರದಿಯಲ್ಲಿ 11ನೆಯವನಾಗಿ, ಮೈಕ್ ಸಿಲಿಂಜರ್ ಎಂಬ ಕೆನಡದ ಹುಡುಗನನ್ನು ಆರಿಸಿತು. ಎರಡನೆಯ ಸುತ್ತಿನಲ್ಲಿ ಬಾಬ್ ಬೌನರ್. ಮೂರನೆಯ ಸುತ್ತಿನಲ್ಲಿ, 53ನೆಯವನಾಗಿ, ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಂ. 74ನೆಯವನಾಗಿ ಮಾಸ್ಕೋದ ಸೈನ್ಯದ ತಂಡದಲ್ಲಿ ಆಡುತ್ತಿದ್ದ ಸೆರ್ಗೆಯ್ ಫ್ಯೋದರೊವ್. 221ನೆಯವನಾಗಿ, ಹನ್ನೊಂದನೆಯ ಸುತ್ತಿನಲ್ಲಿ, ವ್ಲಾದಿಮಿರ್ ಕೊನ್‌ಸ್ತಾಂತಿನೊವ್.

ಆ ದಿನ ಈ ಪಟ್ಟಿಯನ್ನು ನೋಡಿದವರು ಮೊದಲ ಹೆಸರನ್ನೇ ದೊಡ್ಡದೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ. ಸಿಲಿಂಜರನು ಕಳಪೆಯ ಆಟಗಾರನೇನೂ ಆಗಲಿಲ್ಲ. ಹನ್ನೆರಡು ತಂಡಗಳನ್ನು ಬದಲಾಯಿಸುತ್ತ ಸಾವಿರಕ್ಕೂ ಹೆಚ್ಚು ಆಟಗಳನ್ನು ಆಡಿದನು. ಆದರೆ 53ನೆಯವನಾದ ಲಿಡ್‌ಸ್ಟ್ರಂ ಒಂದೇ ತಂಡಕ್ಕಾಗಿ 1564 ಆಟಗಳನ್ನಾಡಿ, ಅತ್ಯುತ್ತಮ ರಕ್ಷಕನಿಗೆ ಕೊಡುವ ನಾರಿಸ್ ಪಾರಿತೋಷಕವನ್ನು ಏಳು ಬಾರಿ ಪಡೆದು, ನಾಲ್ಕು ಸಲ ಸ್ಟ್ಯಾನ್ಲಿ ಕಪ್ಪನ್ನು ಗೆಲ್ಲಿಸಿದನು. ಫ್ಯೋದರೊವ್ 1994ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆನಿಸಿದನು. ಇಬ್ಬರೂ 2015ರಲ್ಲಿ ಹಾಕಿಯ ಕೀರ್ತಿಮಂದಿರವನ್ನು ಸೇರಿದರು. ಕೊನ್‌ಸ್ತಾಂತಿನೊವ್ ಕೂಡ ಅಗ್ರಶ್ರೇಣಿಯ ರಕ್ಷಕನಾಗಿ ಬೆಳೆದು, 1997ರ ಕಪ್ಪನ್ನು ಗೆದ್ದ ಕೆಲವೇ ದಿನಗಳಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಆಟವನ್ನೇ ಕಳೆದುಕೊಂಡನು.

ಹಾಗಾದರೆ ಉಳಿದ ತಂಡಗಳ ಪರೀಕ್ಷಕರು ಕುರುಡರಾಗಿದ್ದರೆ? ಹಾಗೆನ್ನಲಾಗದು. ರಷ್ಯದ ಇಬ್ಬರ ಸಾಮರ್ಥ್ಯವನ್ನು ಬಲ್ಲವರು ಅನೇಕರಿದ್ದರು. ಆದರೆ ಸೋವಿಯತ್ ಸರಕಾರವು ಅವರನ್ನು ಹೊರಗೆ ಬಿಡುವುದೆ ಎಂಬುದು ಯಾರಿಗೂ ತಿಳಿಯದು. ಫ್ಯೋದರೊವ್ 1990ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ತನ್ನ ತಂಡವನ್ನು ತೊರೆದು ಬರಬೇಕಾಯಿತು. ಆದುದರಿಂದ ಡ್ರಾಫ್ಟಿನ ಸರದಿ ಸಂಖ್ಯೆಯು ಆಟಗಾರನ ಯೋಗ್ಯತೆಯೊಂದನ್ನೇ ಅಳೆಯುವುದಿಲ್ಲ. ಅವನು ಕೈಗೆ ಸಿಗುವ ಸಂಭವವನ್ನೂ ಅದರೊಡನೆ ಗುಣಿಸಿರುತ್ತದೆ. ಅಂಕಿಯೊಂದನ್ನು ಕಂಡೊಡನೆ ಅದು ಏನನ್ನು ಅಳೆದ ಅಂಕಿ ಎಂದು ಕೇಳಬೇಕಾದುದು ಇಂಥಲ್ಲಿ.

ಇನ್ನು ಹುಡುಗರು ಗಳಿಸಿದ ಅಂಕಗಳ ವಿಚಾರ. ಗೋಲು ಹೊಡೆದರೆ ಒಂದು ಅಂಕ, ಗೋಲಿಗೆ ನೆರವಾದರೆ ಒಂದು ಅಂಕ. ಒಬ್ಬನು ಒಂಟಾರಿಯೊದ ಕಿರಿಯರ ಲೀಗಿನಲ್ಲಿ ಅಂಕಗಳನ್ನು ಗಳಿಸುತ್ತಾನೆ, ಇನ್ನೊಬ್ಬನು ಸ್ವೀಡನ್ನಿನಲ್ಲಿ ವಯಸ್ಕರ ನಡುವೆ ಆಡುತ್ತಾನೆ. ಇವರನ್ನು ಒಂದೇ ತಕ್ಕಡಿಯಲ್ಲಿಡುವುದು ಹೇಗೆ? ಲೆಕ್ಕಿಗರು ಕಂಡುಕೊಂಡ ಉಪಾಯ ಸರಳವಾಗಿದೆ. ಆ ಲೀಗಿನಿಂದ ಹಿಂದೆ ಮೇಲಕ್ಕೆ ಬಂದವರೆಲ್ಲರ ಅಂಕಗಳು ಮೇಲಿನ ಲೀಗಿನಲ್ಲಿ ಎಷ್ಟರಮಟ್ಟಿಗೆ ಕುಗ್ಗಿದವೆಂದು ನೋಡಿ, ಆ ಪ್ರಮಾಣದಿಂದ ಹೊಸಬನ ಅಂಕಗಳನ್ನು ಗುಣಿಸುವುದು. ಒಂಟಾರಿಯೊದ ಕಿರಿಯರ ಲೀಗಿಗೆ ಈ ಗುಣಕ ಸುಮಾರು 0.3 ಎಂದು ಮೊದಮೊದಲ ಗಣನೆಗಳಲ್ಲಿ ಬಂದಿತು. ಅಲ್ಲಿ 68 ಆಟಗಳಲ್ಲಿ 102 ಅಂಕ ಗಳಿಸಿದವನ ಸರಾಸರಿ ಆಟಕ್ಕೆ 1.5. ಅದನ್ನು 0.3ರಿಂದ ಗುಣಿಸಿದರೆ 0.45, 82 ಆಟಗಳ ಋತುವಿಗೆ ಸುಮಾರು 37 ಅಂಕಗಳು. ಊರಿನ ಪತ್ರಿಕೆಗಳಲ್ಲಿ ನೂರರ ಗಡಿ ದಾಟಿದ ವೀರನೆಂದು ಮೆರೆದವನು ಇಲ್ಲಿ ಸಾಧಾರಣ ಆಟಗಾರನಾಗಿ ಇಳಿಯುತ್ತಾನೆ. ಅದೇ 102 ಅಂಕಗಳನ್ನು ಹದಿನೇಳರ ಹುಡುಗ ಗಳಿಸಿದರೆ ಒಂದು ಬೆಲೆ, ಹತ್ತೊಂಬತ್ತರವನು ಗಳಿಸಿದರೆ ಇನ್ನೊಂದು ಬೆಲೆ ಎಂಬುದನ್ನೂ ಮರೆಯಲಾಗದು.

ಅದೃಷ್ಟದ ಪಾಲು ಎಷ್ಟೆಂಬುದನ್ನು ಗಣಿತ ತಿಳಿದ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ನೂರು ಹೊಡೆತಗಳಲ್ಲಿ ಹತ್ತು ಗೋಲು ಮಾಡುವ ನಿಜಸಾಮರ್ಥ್ಯವುಳ್ಳ ಇಬ್ಬರು ಹುಡುಗರಿದ್ದಾರೆಂದು ಭಾವಿಸಿರಿ. ಪ್ರತಿ ಹೊಡೆತವೂ ಸ್ವತಂತ್ರ ಘಟನೆಯಾದರೆ ಗೋಲುಗಳ ಪ್ರಮಾಣವಿಚಲನೆ 100, 0.1 ಮತ್ತು 0.9 ಇವುಗಳ ಗುಣಲಬ್ಧದ ವರ್ಗಮೂಲ, ಎಂದರೆ 3. ಒಬ್ಬನು ಒಂದು ಋತುವಿನಲ್ಲಿ ಏಳು ಗೋಲು, ಇನ್ನೊಬ್ಬನು ಹದಿಮೂರು ಗೋಲು ಮಾಡಿದರೆ ಅದು ಅಚ್ಚರಿಯ ಸಂಗತಿಯೇ ಅಲ್ಲ. ಆದರೆ ಎರಡನೆಯವನಿಗೆ ಮೊದಲನೆಯವನಿಗಿಂತ ಸುಮಾರು ಎರಡು ಪಟ್ಟು ಬೆಲೆ ಕಟ್ಟುವ ಆಸೆ ಯಾರಿಗಾದರೂ ಆದೀತು!

ನಮ್ಮ ಮಟ್ಟಿಗೆ ಈ ವಿಷಯದಲ್ಲೆಲ್ಲ ಅತ್ಯಂತ ಕುತೂಹಲಕರವಾದುದು ಹುಟ್ಟಿದ ತಿಂಗಳಿನ ಪ್ರಭಾವ. ಕೆನಡದ ಲೆತ್‌ಬ್ರಿಜ್ ನಗರದಲ್ಲಿ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲಿ ಎಂಬವರು ಕಿರಿಯರ ಪಂದ್ಯವೊಂದನ್ನು ನೋಡಲು ಹೋಗಿದ್ದಾಗ, ಅವರ ಪತ್ನಿ ಪೌಲಾ ಆಟದ ಕಾರ್ಯಕ್ರಮಪತ್ರಿಕೆಯನ್ನು ಓದುತ್ತ ಒಂದು ವಿಚಿತ್ರವನ್ನು ಗಮನಿಸಿದರು: ಆಟಗಾರರಲ್ಲಿ ಬಹುಮಂದಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹುಟ್ಟಿದವರು! 1985ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಈ ಸಂಗತಿ ಪ್ರಸಿದ್ಧವಾಯಿತು. ಕಾರಣ ಗ್ರಹಗತಿಯಲ್ಲ. ಅಲ್ಲಿ ಮಕ್ಕಳನ್ನು ವಯಸ್ಸಿನ ಗುಂಪುಗಳಾಗಿ ವಿಂಗಡಿಸುವಾಗ ಜನವರಿ 1ನೆಯ ತಾರೀಖೇ ಎಲ್ಲೆ. ಹತ್ತು ವರ್ಷದ ಗುಂಪಿನಲ್ಲಿ ಜನವರಿಯ ಮಗುವು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು, ಎಂದರೆ ತನ್ನ ಆಯುಸ್ಸಿನ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು, ದೊಡ್ಡದು. ಅದು ಎತ್ತರವಾಗಿರುತ್ತದೆ, ಬಲವಾಗಿರುತ್ತದೆ. ಆದುದರಿಂದ ಒಳ್ಳೆಯ ತಂಡಕ್ಕೆ ಸೇರುತ್ತದೆ. ಒಳ್ಳೆಯ ಶಿಕ್ಷಕರೂ ಹೆಚ್ಚು ಅಭ್ಯಾಸವೂ ದೊರೆತು, ಮೊದಲು ವಯಸ್ಸಿನ ಅಂತರವಾಗಿದ್ದುದು ಬರಬರುತ್ತ ಕೌಶಲದ ಅಂತರವೇ ಆಗಿಬಿಡುತ್ತದೆ.

ಡ್ರಾಫ್ಟಿನ ವೇಳೆಗಾದರೂ ಈ ದೋಷ ತಿದ್ದಿಕೊಳ್ಳುವುದೆ? ಮಿಷಿಗನ್ನಿನ ರಾಬರ್ಟ್ ಡೀನರ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಆಯ್ಕೆಯಾದ ಕೆನಡದ ಹುಡುಗರಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾದವರು ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ಕೊನೆಯ ಮೂರು ತಿಂಗಳಿನವರು ಸುಮಾರು ಏಳನೆಯ ಒಂದು ಪಾಲು. ಆದರೆ ಅದೇ ಸರದಿಯಲ್ಲಿ ಆಯ್ಕೆಯಾದವರನ್ನು ಮುಂದೆ ಹಿಂಬಾಲಿಸಿ ನೋಡಿದಾಗ, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದವರೇ ಹೆಚ್ಚು ಆಟಗಳನ್ನಾಡಿ ಹೆಚ್ಚು ಅಂಕಗಳನ್ನು ಗಳಿಸಿದ್ದರು. ಜೀವನೋಪಾಯವೇ ಈ ಬೆಲೆಕಟ್ಟುವಿಕೆಯಾಗಿರುವ ಪರಿಣತರು ಕಿರಿಯ ಮಕ್ಕಳಿಗೆ ವರ್ಷ ವರ್ಷವೂ ಕಡಿಮೆ ಬೆಲೆ ಕಟ್ಟಿದರೆಂದಾಯಿತು.

ಅಳತೆಯ ಯಂತ್ರಗಳು ಇಲ್ಲವೆಂದಲ್ಲ. ಡ್ರಾಫ್ಟಿಗೆ ಮುಂಚೆ ಹುಡುಗರನ್ನು ಕರೆಸಿ ದೇಹಪರೀಕ್ಷೆ ನಡೆಸುತ್ತಾರೆ. ನಿಂತಲ್ಲಿನ ಸೈಕಲನ್ನು ಮೂವತ್ತು ಸೆಕೆಂಡು ಸರ್ವಶಕ್ತಿಯಿಂದ ತುಳಿಸುವ ವಿಂಗೇಟ್ ಪರೀಕ್ಷೆ ಅವುಗಳಲ್ಲಿ ಮುಖ್ಯವಾದುದು. ಐಸ್ ಹಾಕಿಯಲ್ಲಿ ಆಟಗಾರನು ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಕಾಲ ಮಾತ್ರ ರಭಸದಿಂದ ಆಡಿ ಹೊರಗೆ ಬರುತ್ತಾನೆ. ಅಷ್ಟು ಅಲ್ಪಾವಧಿಯಲ್ಲಿ ಸ್ನಾಯುಗಳು ಬಹುಪಾಲು ಆಮ್ಲಜನಕದ ಪೂರೈಕೆಗೆ ಕಾಯದೆಯೇ ಶಕ್ತಿಯನ್ನು ಒದಗಿಸಿಕೊಳ್ಳಬೇಕು. ಆ ಶಕ್ತಿಯ ಅಳತೆಯೇ ಈ ಪರೀಕ್ಷೆ. ತತ್ತ್ವವೇನೋ ಸರಿ. ಆದರೆ 2014ರ ಪರೀಕ್ಷೆಯಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗ, ಲೀಗಿನ ಸ್ವಂತ ಪರೀಕ್ಷಾ ಕಾರ್ಯಾಲಯವು ಉತ್ತರ ಅಮೆರಿಕದ ಆಟಗಾರರಲ್ಲಿ ಮೊದಲಿಗನೆಂದು ಗುರುತಿಸಿದ್ದವನು, ಸರಳಿಗೆ ಜೋತುಬಿದ್ದು ಗಲ್ಲವನ್ನು ಮೇಲೆತ್ತುವ ಕಸರತ್ತನ್ನು ಒಂದು ಸಲವೂ ಮಾಡಲಾರದೆ ಹೋದನು. ಪತ್ರಿಕೆಗಳು ನಕ್ಕವು. ನಾಲ್ಕನೆಯವನಾಗಿ ಆಯ್ಕೆಯಾದ ಅದೇ ಬೆನೆಟ್ 2025ರಲ್ಲಿ ಫ್ಲೋರಿಡ ತಂಡವು ಸ್ಟ್ಯಾನ್ಲಿ ಕಪ್ಪನ್ನು ಗೆದ್ದಾಗ ಅಂತಿಮ ಸ್ಪರ್ಧೆಗಳ ಅತ್ಯುತ್ತಮ ಆಟಗಾರನೆಂಬ ಗೌರವಕ್ಕೆ ಪಾತ್ರನಾದನು.

ಗೋಲಿಗಳ ವಿಷಯದಲ್ಲಂತೂ ಊಹೆ ಇನ್ನೂ ದುರ್ಬಲ. 2000ದ ಡ್ರಾಫ್ಟಿನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವು ಎಲ್ಲರಿಗಿಂತ ಮೊದಲು ರಿಕ್ ಡಿಪಿಯೆಟ್ರೊ ಎಂಬ ಗೋಲಿಯನ್ನು ಆರಿಸಿತು. ಅದೇ ಊರಿನ ರೇಂಜರ್ಸ್ ತಂಡ 205ನೆಯವನಾಗಿ ಹೆನ್ರಿಕ್ ಲುಂಡ್‌ಕ್ವಿಸ್ಟನನ್ನು ಆರಿಸಿತು. ಗಾಯಗಳಿಂದ ನಲುಗಿದ ಮೊದಲನೆಯವನು 130 ಪಂದ್ಯಗಳನ್ನು ಗೆಲ್ಲಿಸಿದರೆ ಎರಡನೆಯವನು 459 ಪಂದ್ಯಗಳನ್ನು ಗೆಲ್ಲಿಸಿದನು. ಗಾಯವನ್ನು ಮುನ್ನರಿಯುವ ಯಂತ್ರ ಯಾರಲ್ಲಿಯೂ ಇಲ್ಲ.

ಇಷ್ಟರಿಂದ ಆಯ್ಕೆಯೆಲ್ಲ ಜೂಜೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಸಾವಿರಾರು ಹುಡುಗರ ದಾಖಲೆಗಳನ್ನು ಒಟ್ಟಿಗೆ ನೋಡಿದರೆ ಮೊದಲ ಸರದಿಗಳವರೇ ಹೆಚ್ಚು ಕಾಲ ಆಡಿದ್ದಾರೆ; ಸರದಿ ಇಳಿದಂತೆ ಯಶಸ್ಸಿನ ಸಂಭವ ಮೊದಲು ಕಡಿದಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಜಾಣ ತಂಡವು ಇದನ್ನರಿತು ಕೆಳಗಿನ ಸರದಿಗಳನ್ನು ಹೆಚ್ಚಾಗಿ ಕೂಡಿಹಾಕುತ್ತದೆ. ಒಬ್ಬೊಬ್ಬನ ಯಶಸ್ಸಿನ ಸಂಭವ ಐದರಲ್ಲಿ ಒಂದೇ ಇದ್ದರೂ, ಅಂಥ ಏಳು ಮಂದಿಯಲ್ಲಿ ಒಬ್ಬನಾದರೂ ಗೆಲ್ಲುವ ಸಂಭವ ನೂರಕ್ಕೆ 79.

ತಂಡಕ್ಕೆ ಈ ಸಮಾಧಾನವಿದೆ, ಹುಡುಗನಿಗಿಲ್ಲ. ಏಳರಲ್ಲಿ ಒಬ್ಬನು ಗೆದ್ದರೆ ತಂಡದ ಲೆಕ್ಕ ಸರಿಹೋಗುತ್ತದೆ. ಉಳಿದ ಆರು ಮಂದಿ ಹದಿನಾರರ ಪ್ರಾಯದಲ್ಲೇ ಮನೆ ಬಿಟ್ಟು, ಪರವೂರಿನ ಯಾರದೋ ಮನೆಯಲ್ಲಿ ಉಳಿದು, ಬಸ್ಸಿನಲ್ಲಿ ರಾತ್ರಿಗಳನ್ನು ಕಳೆದು, ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಬೇರೆ ಉದ್ಯೋಗ ಹುಡುಕುವವರು. ಬಹುಕಾಲ ಅವರ ಎದುರಿಗೆ ಒಂದು ಕಠಿಣ ಆಯ್ಕೆಯೂ ಇತ್ತು: ಕೆನಡದ ಮೇಲ್ಮಟ್ಟದ ಕಿರಿಯರ ಲೀಗಿನಲ್ಲಿ ಆಡಿದವನಿಗೆ ಅಮೆರಿಕದ ವಿಶ್ವವಿದ್ಯಾನಿಲಯಗಳ ಹಾಕಿ ತಂಡಗಳ ಬಾಗಿಲು ಮುಚ್ಚುತ್ತಿತ್ತು. ಆಟವೋ ಓದೋ ಎಂಬುದನ್ನು ಹೈಸ್ಕೂಲು ಮುಗಿಸುವ ಮೊದಲೇ ನಿರ್ಧರಿಸಬೇಕಾಗುತ್ತಿತ್ತು. ಆ ನಿಷೇಧವನ್ನು ತೆಗೆಯಲು 2024ರ ನವೆಂಬರಿನಲ್ಲಿ ತೀರ್ಮಾನವಾಗಿ, 2025ರ ಆಗಸ್ಟಿನಿಂದ ಅದು ಜಾರಿಗೆ ಬಂದಿದೆ. ಈಗ ಹತ್ತೊಂಬತ್ತರ ಹುಡುಗನು ಕಿರಿಯರ ಲೀಗಿನಿಂದ ನೇರವಾಗಿ ಕಾಲೇಜಿಗೆ ಹೋಗಿ, ಆಡುತ್ತಲೇ ಪದವಿಯನ್ನು ಪಡೆಯಬಹುದು. ತಡವಾಗಿ ಬೆಳೆಯುವವರಿಗೆ ಇದರಿಂದ ಮೂರು ನಾಲ್ಕು ವರ್ಷಗಳ ಕಾಲಾವಕಾಶವೂ ದೊರೆಯಿತು.