ಕಾಲಕಾಲೇಶ್ವರ ಜಾತ್ರೆಗೆ ಹೊಂಟೀರೇನು? ದಣಿಯೋ ಮೊದಲೇ ಕೂಡ್ರಿ

ಗಜೇಂದ್ರಗಡ: ದಕ್ಷಿಣ ಕಾಶಿ ಎಂದೇ ಹೆಸರಾದ ಕಾಲಕಾಲೇಶ್ವರನ ತೇರು ದವನದ ಹುಣ್ಣಿಮೆಗೆ. ಅಂದರೆ ಏಪ್ರಿಲ್ ಆಸುಪಾಸಿನ ರಣಬಿಸಿಲು. ರೋಣ, ನರಗುಂದದಿಂದ ಬರೋರಿಗೆ ಪ್ರಯಾಣದ ಆಯಾಸ ಬೇರೆ. ಅದರ ಮೇಲೆ ಗುಡ್ಡದ ಮೆಟ್ಟಿಲು, ಜನಜಂಗುಳಿ.

ದರ್ಶನ ಬೆಳಿಗ್ಗೆಯೇ ಮುಗಿಸಿ, ಅಂತರಗಂಗೆಯ ತಂಪಿನಲ್ಲಿ ಸ್ವಲ್ಪ ಕೂಡ್ರಿ. ಮಧ್ಯಾಹ್ನ 12ರಿಂದ 3ರವರೆಗೆ ನೆರಳು ಬಿಡಬೇಡಿ. ಹಿರಿಯರು, ಮಕ್ಕಳ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಿ. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಎಲ್ಲರೂ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಂಡರೆ ಹುಡುಕಾಟದ ಗಾಬರಿ ಇರಲ್ಲ.

ತಲೆಸುತ್ತು ಬಂದರೆ ‘ಇನ್ನೆರಡೇ ಮೆಟ್ಟಿಲು’ ಅನ್ನಬೇಡಿ, ಅಲ್ಲೇ ನೆರಳಿಗೆ ಕೂಡ್ರಿಸಿ. ಮೈ ಕೆಂಡದಂತಾಗಿ ಮಾತು ತೊದಲಿದರೆ ಬಿಸಿಲಾಘಾತ ಇರಬಹುದು: ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ತಡಮಾಡದೆ 108ಕ್ಕೆ ಕರೆ ಮಾಡಿ. ಅಂಗಡಿಕಾರರು ಮುಂದೊಂದು ಬೆಂಚು, ಒಂದು ಕೊಡ ನೀರು ಇಟ್ಟರೆ ಅದೂ ಸೇವೆಯೇ.